‘ಇದೇ ಥರ ಇನ್ನೊಂದು ಮಾಡ್ಕೊಡಿ’

ಮಂಡ್ಯದ ಹತ್ತಿರ ನಮ್ಮ ನೆಂಟರದ್ದೊಂದು ಆಲೆಮನೆ ಇದೆ. ಕಬ್ಬು ಅರೆಯುವ ಭರದಲ್ಲೇ ಅವರ ಗಾಣದ ಶಾಫ್ಟ್, ಅಂದರೆ ರೋಲರ್ ಜೊತೆ ತಿರುಗುವ ಉಕ್ಕಿನ ದಂಡ, ಮುರಿಯಿತು. ಹೊರಗೆ ಕಡಿದ ಕಬ್ಬು ರಾಶಿ ಬಿದ್ದಿತ್ತು. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ದಿನ ಕಳೆದ ಹಾಗೆ ಅದರ ಸಕ್ಕರೆ ಇಳಿಯುತ್ತದೆ, ಬೆಲ್ಲ ಸರಿಯಾಗಿ ಕೂರುವುದಿಲ್ಲ. ಅವರು ಮುರಿದ ಎರಡೂ ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಹತ್ತಿರ ತಂದರು. ‘ಇದೇ ಥರ ಇನ್ನೊಂದು ಮಾಡ್ಕೊಡಿ’ ಅಂದರು.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುವವನು. ಈ ಮಾತು ನನಗೆ ಹೊಸದಲ್ಲ. ಆದರೆ ಪ್ರತಿ ಸಲವೂ ಅದೇ ಪ್ರಶ್ನೆ ಏಳುತ್ತದೆ. ಇದೇ ಥರ ಅಂದರೆ ಯಾವ ಥರ?

ಮೈಕ್ರೋಮೀಟರ್ ಹಿಡಿದು ಅಳೆದೆ. ಗನ್‌ಮೆಟಲ್ ಬುಶ್ (ಶಾಫ್ಟನ್ನು ಹಿಡಿಯುವ ಲೋಹದ ಬಳೆ) ಒಳಗೆ ತಿರುಗುತ್ತಿದ್ದ ಜಾಗದಲ್ಲಿ ಒಂದು ಕಡೆ 49.6 ಮಿ.ಮೀ. ಬಂತು. ಕಾಲು ಸುತ್ತು ತಿರುಗಿಸಿ ಹಿಡಿದರೆ 49.8. ಅಂದರೆ ಶಾಫ್ಟ್ ಗುಂಡಗೂ ಉಳಿದಿಲ್ಲ. ಇದನ್ನೇ ನೋಡಿ ಹೊಸದು ಮಾಡಿದರೆ ಸವೆತವನ್ನು ನಕಲು ಮಾಡಿದ ಹಾಗಾಗುತ್ತದೆ. ಮೊದಲು ಇದ್ದ ಅಳತೆ ಗೊತ್ತಾಗಬೇಕಾದರೆ ಬುಶ್ ಮುಟ್ಟದ ಜಾಗ ಹುಡುಕಬೇಕು. ಶಾಫ್ಟ್ ದಪ್ಪವಾಗುವ ಮೆಟ್ಟಿಲಿನ ಪಕ್ಕದಲ್ಲಿ ಬೆರಳಗಲ ಅಂಥ ಜಾಗ ಸಿಕ್ಕಿತು. ಅಲ್ಲಿ 49.96. ಸರಿ, ಇದು 50ರ ಶಾಫ್ಟ್.

ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕೆಲಸ ಶುರುವಾಗುವುದು ಇಲ್ಲಿಂದ. ಕಣ್ಣಿಗೆ ಕಾಣುವ ಆಕಾರವನ್ನು ಅಲ್ಲ, ಮಾಡಿದವರ ಮನಸ್ಸಿನಲ್ಲಿದ್ದ ಆಕಾರವನ್ನು ಬರೆಯಬೇಕು. ಜೊತೆಗೆ, ಅದರಿಂದ ಎಷ್ಟು ತಪ್ಪಬಹುದು ಅನ್ನುವುದನ್ನೂ ಬರೆಯಬೇಕು.

ಆಮೇಲೆ ಮುರಿದ ಬಾಯಿ ನೋಡಿದೆ. ಬೇಸಿಗೆಯಲ್ಲಿ ಕನ್ನಂಬಾಡಿ ಹಿನ್ನೀರು ಇಳಿದಾಗ ದಡದ ಮೇಲೆ ಗೆರೆ ಪಕ್ಕ ಗೆರೆ ಉಳಿಯುತ್ತದಲ್ಲ, ಹಾಗೆಯೇ ಉಕ್ಕಿನ ಮೇಲೆ ಕಮಾನು ಕಮಾನು ಗೆರೆಗಳಿದ್ದವು. ಇದು ಒಂದೇ ಏಟಿಗೆ ಮುರಿದದ್ದಲ್ಲ. ಅಂಚಿನಲ್ಲಿ ಹುಟ್ಟಿದ ಸಣ್ಣ ಬಿರುಕು ಸ್ವಲ್ಪ ಸ್ವಲ್ಪವೇ ಒಳಗೆ ನಡೆದಿದೆ. ಕೊನೆಗೆ ಉಳಿದ ಉಕ್ಕಿಗೆ ಭಾರ ತಡೆಯಲು ಆಗಿಲ್ಲ. ಆ ಕೊನೆಯ ಭಾಗ ಮಾತ್ರ ಒರಟಾಗಿ ಹರಿದಿತ್ತು.

ಇದಕ್ಕೆ ಆಯಾಸದ ಮುರಿತ ಅನ್ನುತ್ತಾರೆ. ಕಬ್ಬು ರೋಲರನ್ನು ತಳ್ಳುತ್ತದೆ, ಶಾಫ್ಟ್ ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದಾಗ ಒಂದು ಮೈ ಹಿಗ್ಗುತ್ತದೆ, ಎದುರಿನ ಮೈ ಕುಗ್ಗುತ್ತದೆ. ಅರ್ಧ ಸುತ್ತು ತಿರುಗಿದರೆ ಹಿಗ್ಗಿದ್ದು ಕುಗ್ಗುತ್ತದೆ. ಗಾಣ ನಿಮಿಷಕ್ಕೆ 15 ಸುತ್ತು, ದಿನಕ್ಕೆ 12 ಗಂಟೆ ಓಡುತ್ತದೆ ಅಂದುಕೊಳ್ಳಿ. ದಿನಕ್ಕೆ 10,800 ಸುತ್ತು. ನೂರು ದಿನಕ್ಕೆ ಹತ್ತು ಲಕ್ಷ ದಾಟುತ್ತದೆ. ಒಂದೇ ಸಲ ಹೊತ್ತರೆ ಏನೂ ಆಗದ ಭಾರ ಲಕ್ಷ ಸಲ ಹೊತ್ತಾಗ ಮುರಿಯುತ್ತದೆ. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ ಇದನ್ನು ತೋರಿಸಿಕೊಟ್ಟರು.

ಬಿರುಕು ಹುಟ್ಟಿದ್ದೆಲ್ಲಿ? 50ರ ಶಾಫ್ಟ್ 60ಕ್ಕೆ ದಪ್ಪವಾಗುವ ಮೆಟ್ಟಿಲಿನ ಮೂಲೆಯಲ್ಲಿ. ಯಾರೋ ಅದನ್ನು ಚೂಪಾಗಿ ಕಡಿದಿದ್ದರು. ಶಾಫ್ಟಿನ ಒಳಗೆ ಒತ್ತಡ ನಾಲೆಯ ನೀರಿನ ಹಾಗೆ ಹರಿಯುತ್ತದೆ ಅಂತ ಕಲ್ಪಿಸಿಕೊಳ್ಳಿ. ನಾಲೆ ನಿಧಾನಕ್ಕೆ ತಿರುಗಿದರೆ ನೀರೂ ಸುಮ್ನೆ ತಿರುಗುತ್ತದೆ. ತಟ್ಟನೆ ಮುರಿದರೆ ಆ ಮೂಲೆಯನ್ನೇ ಕೊರೆಯುತ್ತದೆ. ಚೂಪು ಮೂಲೆಯಲ್ಲಿ ಒತ್ತಡ ಉಳಿದ ಕಡೆಗಿಂತ ಎರಡು ಪಟ್ಟಿಗೂ ಜಾಸ್ತಿ ಏರಬಹುದು. ಅದೇ ಜಾಗದಲ್ಲಿ 4 ಮಿ.ಮೀ. ತ್ರಿಜ್ಯದ ಗುಂಡು ತಿರುವು ಕೊಟ್ಟರೆ ಅದು ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಉಕ್ಕು ಅದೇ, ದಪ್ಪ ಅದೇ. ಬರೀ ಒಂದು ಮೂಲೆಯನ್ನು ಗುಂಡಗೆ ಮಾಡಿದ್ದಕ್ಕೆ ಇಷ್ಟು ಫಲ! ಹಾಗಾಗಿ ‘ಇದೇ ಥರ’ ಮಾಡಬಾರದು ಅಂತ ತೀರ್ಮಾನ ಮಾಡಿದೆ.

ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕ್ಯಾಡ್ ತಂತ್ರಾಂಶದಲ್ಲಿ ಶಾಫ್ಟ್ ಬರೆಯುವುದು ಸುಲಭ. ನಡುವಿನ ಗೆರೆಯ ಒಂದು ಪಕ್ಕಕ್ಕೆ ಅರ್ಧ ಅಂಚನ್ನು ಬರೆದು, ಆ ಗೆರೆಯ ಸುತ್ತ ಒಂದು ಸುತ್ತು ತಿರುಗಿಸು ಅಂತ ಹೇಳಿದರೆ ಸಾಕು. ಗಟ್ಟಿ ಶಾಫ್ಟ್ ಪರದೆಯ ಮೇಲೆ ನಿಲ್ಲುತ್ತದೆ. ಸೋಮನಾಥಪುರದ ದೇವಸ್ಥಾನದ ಗುಂಡು ಕಂಬಗಳನ್ನು ಹತ್ತಿರದಿಂದ ನೋಡಿದ್ದೀರಾ? ಬಳೆ ಜೋಡಿಸಿದ ಹಾಗೆ ಉಬ್ಬು, ತಗ್ಗು, ಮತ್ತೆ ಉಬ್ಬು. 13ನೇ ಶತಮಾನದ ಆ ಶಿಲ್ಪಿಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದು ಅವನ್ನು ಮಾಡಿದರು. ಅವರ ತಲೆಯಲ್ಲಿ ಇದ್ದದ್ದೂ ಅರ್ಧ ಅಂಚಿನ ಒಂದು ಗೆರೆಯೇ ಇರಬೇಕು. ನನಗೆ ಆ ಕಂಬಗಳ ಮುಂದೆ ನಿಂತಾಗಲೆಲ್ಲ ಕೈ ಮುಗಿಯಬೇಕು ಅನ್ನಿಸುತ್ತದೆ.

ಕ್ಯಾಡ್‌ನ ನಿಜವಾದ ಶಕ್ತಿ ಚಿತ್ರದಲ್ಲಿ ಇಲ್ಲ, ಅಳತೆಗಳ ನಡುವಿನ ನಂಟಿನಲ್ಲಿದೆ. ನಾನು ಮೂಲೆಗೆ 4 ಮಿ.ಮೀ. ತ್ರಿಜ್ಯ ಕೊಟ್ಟೆ. ಈಗ ಬುಶ್ಶಿನ ಅಂಚು ಆ ಗುಂಡಿಗೆ ತಾಗುತ್ತದೆ. ಬುಶ್ ಮೆಟ್ಟಿಲಿಗೆ ಒತ್ತಿ ಕೂರಬೇಕಾದರೆ ಅದರ ಒಳ ಅಂಚನ್ನೂ ಇಳಿಜಾರಾಗಿ ಕಡಿಯಬೇಕು. ಹಾಗಾಗಿ ‘ಬುಶ್ಶಿನ ಇಳಿಜಾರು ಶಾಫ್ಟಿನ ತ್ರಿಜ್ಯಕ್ಕಿಂತ 0.5 ಮಿ.ಮೀ. ಜಾಸ್ತಿ ಇರಲಿ’ ಅಂತ ಬರೆದಿಟ್ಟೆ. ಒಂದು ಬದಲಾದರೆ ಇನ್ನೊಂದು ತಾನೇ ಬದಲಾಗುತ್ತದೆ. ಇದು ಹೊಸ ವಿಚಾರವೇನಲ್ಲ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಇಂಥ ನಿಯಮಗಳನ್ನು ಹೇಳಬಹುದಿತ್ತು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆ ಸಮಾನಾಂತರ ಇರಲಿ ಅಂದರೆ ಕಂಪ್ಯೂಟರ್ ಹಾಗೇ ಇಡುತ್ತಿತ್ತು.

ಈಗ ಬಂತು ಕಷ್ಟದ ಪ್ರಶ್ನೆ. ಶಾಫ್ಟ್ ಬುಶ್ ಒಳಗೆ ತಿರುಗಬೇಕು, ಅಲ್ಲಾಡಬಾರದು. ನಡುವೆ ಗ್ರೀಸ್ ನಿಲ್ಲುವಷ್ಟು ಸಂದು ಬೇಕು. ಸರಿಯಾಗಿ 50.000 ಮಿ.ಮೀ. ಮಾಡಲು ಲೋಕದಲ್ಲಿ ಯಾರಿಗೂ ಆಗದು. ಅದಕ್ಕೇ ಡ್ರಾಯಿಂಗಿನಲ್ಲಿ ಒಂದು ಸಂಖ್ಯೆ ಅಲ್ಲ, ಎರಡು ಗಡಿ ಬರೆಯುತ್ತೇವೆ. ಸರಾಗವಾಗಿ ತಿರುಗುವ ಜೋಡಿಗೆ ಎಚ್7-ಎಫ್7 ಅನ್ನುವ ಗುರುತು ಇದೆ. ಅದರ ಪ್ರಕಾರ ಬುಶ್ಶಿನ ತೂತು 50.000ರಿಂದ 50.025. ಶಾಫ್ಟ್ 49.950ರಿಂದ 49.975. ಯಾವ ಶಾಫ್ಟನ್ನು ಯಾವ ಬುಶ್ಶಿಗೆ ಹಾಕಿದರೂ ಸಂದು 25ರಿಂದ 75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು) ಒಳಗೇ ಇರುತ್ತದೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬುಶ್ ಒಂದೂರಲ್ಲಿ, ಶಾಫ್ಟ್ ಇನ್ನೊಂದೂರಲ್ಲಿ ಮಾಡಿದರೂ ಕೂಡುವುದು ಈ ಎರಡು ಗಡಿಗಳಿಂದ. ನನ್ನ ಮಟ್ಟಿಗೆ ಯಂತ್ರವಿದ್ಯೆಯ ಅತಿ ಸುಂದರ ವಿಚಾರ ಇದೇ. ತಪ್ಪೇ ಆಗಬಾರದು ಅಂತ ಹಟ ಹಿಡಿಯದೆ, ಇಷ್ಟರ ಒಳಗೆ ತಪ್ಪು ಇರಲಿ ಅಂತ ಮೊದಲೇ ಒಪ್ಪಿಕೊಳ್ಳುವುದು.

ಒಂದೇ ಶಾಫ್ಟ್ ಆಗಿದ್ದರೆ ಮಂಡ್ಯದಲ್ಲೇ ಒಳ್ಳೆ ಲೇತ್ ಅಂಗಡಿಗೆ ಕೊಡುತ್ತಿದ್ದೆ. ಪಳಗಿದ ಟರ್ನರ್ ಹಳೇ ಎಚ್‌ಎಂಟಿ ಲೇತಿನಲ್ಲೂ ಈ ಅಳತೆ ಹಿಡಿಯುತ್ತಾರೆ. ಆದರೆ ಅಕ್ಕಪಕ್ಕದ ಆಲೆಮನೆಯವರೂ ಕೇಳಿದರು, ಆರು ಶಾಫ್ಟ್ ಬೇಕಾಯಿತು. ಹಾಗಾಗಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್.

ಸಿಎನ್‌ಸಿ ಲೇತಿಗೆ ಚಿತ್ರ ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಟೂಲ್ ನಡೆಯಬೇಕಾದ ದಾರಿ. ಕ್ಯಾಮ್ ತಂತ್ರಾಂಶ ಆ ದಾರಿ ಹಾಕಿಕೊಟ್ಟು ಸಾಲು ಸಾಲಾಗಿ ಬರೆಯುತ್ತದೆ. ಜಿ00 ಅಂದರೆ ಗಾಳಿಯಲ್ಲಿ ವೇಗವಾಗಿ ಹೋಗು. ಜಿ01 ಅಂದರೆ ನೇರವಾಗಿ ಕಡಿಯುತ್ತ ಹೋಗು. ಜಿ02 ಪ್ರದಕ್ಷಿಣೆಯ ಕಮಾನು, ಜಿ03 ಅದರ ಎದುರು. ಹಳೇ ಲೇತಿನಲ್ಲಿ ಎರಡು ಕೈಯಲ್ಲಿ ಎರಡು ಹ್ಯಾಂಡಲ್ ತಿರುಗಿಸಿಯೋ, ಬೇರೆ ಟೂಲ್ ಉಜ್ಜಿಕೊಂಡೋ ಮಾಡಬೇಕಿದ್ದ ಆ 4 ಮಿ.ಮೀ. ಗುಂಡು ಇಲ್ಲಿ ಒಂದೇ ಸಾಲು. ಮೊದಲಿನವರು ಮೂಲೆಯನ್ನು ಚೂಪಾಗಿ ಬಿಟ್ಟದ್ದು ಪ್ರಾಯಶಃ ಆ ಕಷ್ಟಕ್ಕೇ.

ಈ ವಿದ್ಯೆ ಹುಟ್ಟಿದ ಕಥೆಯೂ ತಿರುವಿನದೇ. 1940ರ ದಶಕದಲ್ಲಿ ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆಗಳನ್ನು ಮಾಡುತ್ತಿದ್ದರು. ಅದರ ತಿರುವನ್ನು ಕೈಯಲ್ಲಿ ಹಿಡಿಯುವುದು ಕಷ್ಟ. ಅವರು ಪಂಚ್ ಕಾರ್ಡ್ ಯಂತ್ರದಲ್ಲಿ ತಿರುವಿನ ಮೇಲಿನ ಬಿಂದುಗಳನ್ನು ಲೆಕ್ಕ ಹಾಕಿಸಿದರು. ಒಬ್ಬ ಸಂಖ್ಯೆ ಓದುವುದು, ಇಬ್ಬರು ಎರಡು ಚಕ್ರ ತಿರುಗಿಸುವುದು. ಆ ಮನುಷ್ಯರ ಜಾಗಕ್ಕೆ ಮೋಟಾರು ಬಂದರೆ ಸಿಎನ್‌ಸಿಯ ಅಜ್ಜ ಸಿಕ್ಕಿದ ಹಾಗೆ. 1952ರಲ್ಲಿ ಎಂಐಟಿ ಅಂಥ ಮಿಲ್ಲಿಂಗ್ ಯಂತ್ರವನ್ನು ಓಡಿಸಿ ತೋರಿಸಿತು. ತೂತು ಹೊಡೆದ ಕಾಗದದ ಪಟ್ಟಿಯೇ ಅದರ ಪ್ರೋಗ್ರಾಂ.

ಟೂಲಿನ ತುದಿಯೂ ಚೂಪಲ್ಲ ಅನ್ನುವುದು ಹೊರಗಿನವರಿಗೆ ಆಶ್ಚರ್ಯ. ನಮ್ಮ ಇನ್ಸರ್ಟ್ (ಟೂಲಿಗೆ ಕೂರಿಸುವ ಕಡಿಯುವ ತುಂಡು) ತುದಿ 0.8 ಮಿ.ಮೀ. ತ್ರಿಜ್ಯದ ಗುಂಡು. ಅದು ಮುಂದೆ ಸರಿದ ಹಾಗೆ ಶಾಫ್ಟ್ ಮೇಲೆ ನೇಗಿಲ ಸಾಲಿನಂಥ ಗೆರೆ ಬೀಳುತ್ತದೆ. ಒಂದು ಸುತ್ತಿಗೆ 0.2 ಮಿ.ಮೀ. ಸರಿದರೆ ಸಾಲಿನ ಆಳ ಲೆಕ್ಕದ ಪ್ರಕಾರ 6 ಮೈಕ್ರಾನ್ ಚಿಲ್ಲರೆ. 0.1 ಸರಿದರೆ ಒಂದೂವರೆ ಚಿಲ್ಲರೆ. ನಡಿಗೆ ಅರ್ಧ ಮಾಡಿದರೆ ಆಳ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಸಮಯ ಎರಡರಷ್ಟು. ಹಾಗಾಗಿ ಬುಶ್ ಕೂರುವ ಜಾಗಕ್ಕೆ ಮಾತ್ರ ನಿಧಾನದ ನಡಿಗೆ ಕೊಟ್ಟೆ. ಉಳಿದ ಕಡೆ ಬೇಡ.

ಆರು ಶಾಫ್ಟಿನಲ್ಲಿ ಮೊದಲನೆಯದು ಕೆಟ್ಟಿತು, ತಪ್ಪು ನನ್ನದೇ. ಅವಸರದಲ್ಲಿ ಯಂತ್ರದಿಂದ ತೆಗೆದ ಕೂಡಲೇ ಬಿಸಿ ಶಾಫ್ಟನ್ನು ಅಳೆದೆ. 49.960. ಗಡಿಯ ಒಳಗಿದೆ ಅಂತ ಸಂತೋಷಪಟ್ಟೆ. ಊಟ ಮಾಡಿ ಬಂದು ನೋಡಿದರೆ 49.945. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ. ಶಾಫ್ಟ್ 25 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 15 ಮೈಕ್ರಾನ್. ನನಗಿದ್ದ ಸಲಿಗೆಯೇ 25. ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬಿಸಿಯೇ ನುಂಗಿತು. ಲೋಕದಲ್ಲೆಲ್ಲ ಅಳತೆಯನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಬೇಕು ಅಂತ ಒಪ್ಪಂದ ಇರುವುದು ಇದಕ್ಕೇ. ಉಳಿದ ಐದನ್ನು ಆರಲು ಬಿಟ್ಟು ಅಳೆದೆವು, ಐದೂ ಒಳಗೆ ಬಂದವು. ಮಾರನೆಯ ದಿನ ನೆಂಟರ ಗಾಣ ತಿರುಗಿತು. ಕೆಟ್ಟದ್ದರ ಬದಲಿಗೆ ಇನ್ನೊಂದು ಕಡೆದುಕೊಟ್ಟೆ.

ವಾರದ ಮೇಲೆ ಇನ್ನೊಬ್ಬರು ಬಂದರು. ಅವರ ಗಾಣದ್ದು 52ರ ಶಾಫ್ಟ್. ಕಡತ ತೆರೆದು 50 ಇದ್ದಲ್ಲಿ 52 ಹಾಕಿದೆ. ಮೆಟ್ಟಿಲು, ಗುಂಡು, ಬುಶ್ಶಿನ ಇಳಿಜಾರು ಎಲ್ಲವೂ ಹೊಸ ಅಳತೆಗೆ ತಾವೇ ಹೊಂದಿಕೊಂಡವು. ಡ್ರಾಯಿಂಗನ್ನು ಯಂತ್ರಕ್ಕೆ ಕಳಿಸಲು ಹೊರಟವನು ಗಡಿಗಳ ಮೇಲೆ ಕಣ್ಣಿಟ್ಟೆ. ಅವು ಬದಲಾಗಿರಲಿಲ್ಲ. 25 ಮತ್ತು 50 ಮೈಕ್ರಾನ್ ಅಂತ ನಾನೇ ಕೈಯಲ್ಲಿ ಬರೆದಿದ್ದ ಅಂಕಿಗಳು ಹಾಗೇ ಕೂತಿದ್ದವು. ಎಚ್7-ಎಫ್7 ಗಡಿಗಳ ಪಟ್ಟಿಯ ಪ್ರಕಾರ ಅವು 50 ಮಿ.ಮೀ. ವರೆಗೆ ಮಾತ್ರ ಸಲ್ಲುತ್ತವೆ. 50 ದಾಟಿದರೆ ಮುಂದಿನ ಸಾಲು: ಶಾಫ್ಟ್ 30ರಿಂದ 60 ಮೈಕ್ರಾನ್ ಕಡಿಮೆ ಇರಬೇಕು. ಪಟ್ಟಿ ನೋಡಿ 51.940, 51.970 ಅಂತ ತಿದ್ದಿದೆ. ಬುಶ್ಶಿಗೆ 52.000, 52.030. ಆಮೇಲೆ ಯಂತ್ರಕ್ಕೆ ಕಳಿಸಿದೆ.