ಬಾಂಡ್ ಅಪ್ ಇದೆ, ಆದರೂ ಸರ್ವರ್ ಸಿಗುತ್ತಿಲ್ಲ: ನೆಟ್‌ವರ್ಕ್ ಬಾಂಡಿಂಗ್ ತೊಂದರೆ ಹುಡುಕುವ ಟಿಪ್ಪಣಿ

ಎರಡು ಅಥವಾ ಹೆಚ್ಚು ನೆಟ್‌ವರ್ಕ್ ಪೋರ್ಟ್‌ಗಳನ್ನು ಸೇರಿಸಿ ಒಂದೇ ಇಂಟರ್‌ಫೇಸ್‌ನಂತೆ ಬಳಸುವುದು ಬಾಂಡಿಂಗ್. ಒಂದು ಕೇಬಲ್ ಹೋದರೂ ಸರ್ವರ್ ನಿಲ್ಲಬಾರದು ಅನ್ನುವುದು ಇದರ ಉದ್ದೇಶ. ಲಿನಕ್ಸ್‌ನಲ್ಲಿ 0ಯಿಂದ 6ರವರೆಗೆ ಏಳು ಮೋಡ್‌ಗಳಿವೆ. ಹೈ ಅವೈಲಬಿಲಿಟಿ (ನಿಲ್ಲದೆ ಓಡಬೇಕಾದ) ಸರ್ವರ್‌ಗಳಲ್ಲಿ ಜಾಸ್ತಿ ಕಾಣುವುದು ಎರಡೇ: ಮೋಡ್ 1, ಅಂದರೆ ಆಕ್ಟಿವ್-ಬ್ಯಾಕಪ್, ಒಂದು ಪೋರ್ಟ್ ಕೆಲಸ ಮಾಡುತ್ತದೆ, ಉಳಿದದ್ದು ಕಾಯುತ್ತದೆ. ಮೋಡ್ 4, ಅಂದರೆ 802.3ಎಡಿ, ನಾವು ಎಲ್‌ಎಸಿಪಿ ಅಂತ ಕರೆಯುವುದು, ಸ್ವಿಚ್ ಜೊತೆ ಮಾತಾಡಿಕೊಂಡು ಪೋರ್ಟ್‌ಗಳನ್ನು ಒಂದು ಗುಂಪಾಗಿ ಬಳಸುತ್ತದೆ. ಈ ಟಿಪ್ಪಣಿ ಅವೆರಡರ ಸುತ್ತಲೇ ಇದೆ.

ಮೋಡ್‌ಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಏನನ್ನು ಗಮನಿಸು ಅಂತ ನಾವು ಹೇಳಿರುತ್ತೇವೋ ಬಾಂಡ್‌ಗೆ ಅಷ್ಟೇ ಗೊತ್ತು. ಲಿಂಕ್ ನೋಡು ಅಂದರೆ ಲಿಂಕ್ ಮಾತ್ರ ನೋಡುತ್ತದೆ. ಆ ಲಿಂಕ್‌ನ ಆಚೆ ಪ್ಯಾಕೆಟ್ ಗುರಿ ಮುಟ್ಟುತ್ತಿದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಇನ್ನೊಂದು ಮಾತು: ಅರ್ಧ ಕೆಟ್ಟ ಬಾಂಡ್ ಕೂಡ ಚೆನ್ನಾಗಿಯೇ ಓಡುತ್ತದೆ. ಒಂದು ಪೋರ್ಟ್ ಸತ್ತು ತಿಂಗಳುಗಳಾಗಿದ್ದರೂ ಯಾರೂ ದೂರು ಹೇಳುವುದಿಲ್ಲ. ಎರಡನೆಯದೂ ಹೋದ ದಿನ ಎಲ್ಲ ಒಟ್ಟಿಗೆ ಬೀಳುತ್ತದೆ. ಹಾಗಾಗಿ ಮಾನಿಟರಿಂಗ್‌ನಲ್ಲಿ ಬಾಂಡ್ ಇಂಟರ್‌ಫೇಸ್ ಒಂದನ್ನೇ ಸೇರಿಸಿದರೆ ಸಾಲದು. ಒಳಗಿನ ಪ್ರತಿ ಪೋರ್ಟನ್ನೂ ಬೇರೆಯಾಗಿ ನೋಡಬೇಕು.

ಮೊದಲು ತೆರೆಯುವ ಫೈಲ್

ಪ್ರಾಕ್ ಡೈರೆಕ್ಟರಿಯ ಒಳಗೆ ನೆಟ್, ಅದರೊಳಗೆ ಬಾಂಡಿಂಗ್, ಅದರಲ್ಲಿ ನಿಮ್ಮ ಬಾಂಡ್‌ನ ಹೆಸರಿನ ಫೈಲ್. ಇದನ್ನು ನಿಧಾನವಾಗಿ, ಮೇಲಿನಿಂದ ಕೆಳಗೆ ಓದಿ. ಮೇಲ್ಭಾಗ ಇಡೀ ಬಾಂಡ್‌ನ ವಿವರ. ಕೆಳಗೆ ಒಂದೊಂದು ಸ್ಲೇವ್‌ಗೂ (ಬಾಂಡ್ ಒಳಗಿನ ಪೋರ್ಟ್‌ಗೆ ಇಲ್ಲಿ ಇದೇ ಹೆಸರು) ಒಂದೊಂದು ತುಂಡು.

ಮೊದಲು ಮೋಡ್ ನೋಡಿ. ಕಾನ್ಫಿಗ್ ಫೈಲ್‌ನಲ್ಲಿ ಬರೆದದ್ದೇ ಇಲ್ಲಿ ಇದೆಯಾ? ಆಯ್ಕೆಯ ಸಾಲಿನಲ್ಲಿ ಸಣ್ಣ ಸ್ಪೆಲಿಂಗ್ ತಪ್ಪಿದ್ದರೂ ಬಾಂಡ್ ಡೀಫಾಲ್ಟ್ ಮೋಡ್‌ನಲ್ಲಿ, ಅಂದರೆ ಮೋಡ್ 0ರಲ್ಲಿ ಎದ್ದಿರಬಹುದು. ಆಮೇಲೆ ಎಂಐಐ ಪೋಲಿಂಗ್ ಇಂಟರ್ವಲ್, ಅಂದರೆ ಲಿಂಕ್ ಅಪ್ ಇದೆಯಾ ಅಂತ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನುವುದು. ಅಲ್ಲಿ 0 ಇದ್ದು, ಎಆರ್‌ಪಿ ಮಾನಿಟರ್ (ಒಂದು ಐಪಿಯ ಮ್ಯಾಕ್ ವಿಳಾಸ ಯಾವುದು ಅಂತ ಕೇಳಿ, ಉತ್ತರ ಬರುತ್ತದೆಯಾ ನೋಡುವುದು) ಕೂಡ ಇಲ್ಲದಿದ್ದರೆ ಬಾಂಡ್ ಯಾವ ಲಿಂಕನ್ನೂ ಗಮನಿಸುತ್ತಿಲ್ಲ ಅಂತ ಅರ್ಥ. ಕೇಬಲ್ ಕಿತ್ತರೂ ಅದು ಸುಮ್ನೆ ಹಳೆಯ ಪೋರ್ಟ್‌ಗೇ ಪ್ಯಾಕೆಟ್ ತಳ್ಳುತ್ತಿರುತ್ತದೆ. ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಇಡುತ್ತಾರೆ, ಅದು ಸರಿಯಾದ ಸಂಖ್ಯೆಯೇ.

ಸ್ಲೇವ್‌ಗಳ ತುಂಡಿನಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಅನ್ನಿಸುವುದು ಲಿಂಕ್ ಫೇಲ್ಯೂರ್ ಕೌಂಟ್. ಈಗ ಎರಡೂ ಅಪ್ ಇರಬಹುದು. ಆದರೆ ಒಂದರ ಕೌಂಟ್ 0, ಇನ್ನೊಂದರದು ನೂರಾರು ಇದ್ದರೆ ಆ ಪೋರ್ಟ್ ಬಿದ್ದು ಎದ್ದು ಮಾಡುತ್ತಿದೆ. ಕೇಬಲ್, ಟ್ರಾನ್ಸೀವರ್, ಸ್ವಿಚ್ ಪೋರ್ಟ್, ಈ ಮೂರರಲ್ಲಿ ಒಂದನ್ನು ಅನುಮಾನಿಸಿ. ವೇಗವನ್ನೂ ಹೋಲಿಸಿ. ಒಂದು 10,000, ಇನ್ನೊಂದು 1,000 ಅಂತ ಕಂಡರೆ ಆಟೋ ನೆಗೋಶಿಯೇಶನ್‌ನಲ್ಲಿ (ಎರಡೂ ತುದಿ ತಾವೇ ವೇಗ ಒಪ್ಪಿಕೊಳ್ಳುವುದರಲ್ಲಿ) ಏನೋ ಎಡವಟ್ಟಾಗಿದೆ. ವೇಗ ಬೇರೆ ಬೇರೆ ಇರುವ ಪೋರ್ಟ್‌ಗಳು 802.3ಎಡಿಯಲ್ಲಿ ಒಂದೇ ಗುಂಪಿಗೆ ಸೇರುವುದಿಲ್ಲ.

ಎಲ್‌ಎಸಿಪಿ: ಎರಡೂ ಅಪ್, ಕೆಲಸ ಮಾತ್ರ ಒಂದೇ

ಮೋಡ್ 4ರಲ್ಲಿ ಪ್ರತಿ ಸ್ಲೇವ್‌ಗೂ ಒಂದು ಅಗ್ರಿಗೇಟರ್ ಐಡಿ, ಅಂದರೆ ಅದು ಸೇರಿದ ಗುಂಪಿನ ಸಂಖ್ಯೆ ಇರುತ್ತದೆ. ಎಲ್ಲ ಸ್ಲೇವ್‌ಗಳಲ್ಲೂ ಅದು ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಗುಂಪು ಒಡೆದಿದೆ. ಬಾಂಡ್ ಆ ಗುಂಪುಗಳಲ್ಲಿ ಒಂದನ್ನೇ ಬಳಸುತ್ತದೆ, ಉಳಿದದ್ದು ಕಾಯುತ್ತಾ ಕೂರುತ್ತದೆ. ಇದಕ್ಕೆ ತುಂಬಾ ಸಾಮಾನ್ಯ ಕಾರಣ: ಎರಡು ಕೇಬಲ್ ಎರಡು ಸ್ವಿಚ್‌ಗೆ ಹೋಗಿವೆ, ಆದರೆ ಆ ಸ್ವಿಚ್‌ಗಳ ನಡುವೆ ಎಂಲ್ಯಾಗ್ ಥರದ (ಎರಡು ಸ್ವಿಚ್ ಸೇರಿ ಒಂದೇ ಸ್ವಿಚ್‌ನಂತೆ ಕಾಣುವ) ಒಪ್ಪಂದ ಇಲ್ಲ. ಸರ್ವರ್ ಕಣ್ಣಿಗೆ ಅವು ಎರಡು ಬೇರೆ ಪಾಲುದಾರರು.

ಪಾರ್ಟ್ನರ್, ಅಂದರೆ ಎದುರಿನ ಸ್ವಿಚ್‌ನ ಮ್ಯಾಕ್ ಅಡ್ರೆಸ್ ಪೂರ್ತಿ ಸೊನ್ನೆ ಇದ್ದರೆ ಆ ಕಡೆಯಿಂದ ಎಲ್‌ಎಸಿಪಿ ಪ್ಯಾಕೆಟ್ಟೇ ಬಂದಿಲ್ಲ. ಸ್ವಿಚ್‌ನಲ್ಲಿ ಕಾನ್ಫಿಗರ್ ಆಗಿಲ್ಲ, ಇಲ್ಲವೇ ಕೇಬಲ್ ತಪ್ಪು ಪೋರ್ಟ್‌ನಲ್ಲಿದೆ.

ರೂಟ್ ಆಗಿ ಅದೇ ಫೈಲ್ ಓದಿದರೆ ಪೋರ್ಟ್ ಸ್ಟೇಟ್ ಅಂತ ಒಂದು ಸಂಖ್ಯೆಯೂ ಕಾಣುತ್ತದೆ. ಬಹಳ ಜನ ಇದನ್ನು ದಾಟಿ ಹೋಗುತ್ತಾರೆ. ಇದನ್ನು ಬಿಡಿಸುವುದು ಕಲಿತರೆ ಅರ್ಧ ಕೆಲಸ ಮುಗಿದಂತೆ. ಇದು ಎಂಟು ಬಿಟ್‌ಗಳ ಮೊತ್ತ. 1 ಅಂದರೆ ಈ ಕಡೆಯವರು ತಾವಾಗಿಯೇ ಮಾತಾಡುತ್ತಾರೆ. 2 ಅಂದರೆ ಶಾರ್ಟ್ ಟೈಮ್‌ಔಟ್, ಇದನ್ನೇ ಫಾಸ್ಟ್ ರೇಟ್ ಅನ್ನುವುದು, ಎಲ್‌ಎಸಿಪಿ ಪ್ಯಾಕೆಟ್ ಬೇಗ ಬೇಗ ಬರುತ್ತದೆ. 4 ಅಂದರೆ ಗುಂಪಿಗೆ ಸೇರಲು ಸಿದ್ಧ. 8 ಅಂದರೆ ಹೊಂದಾಣಿಕೆ ಆಗಿದೆ. 16 ಅಂದರೆ ಪ್ಯಾಕೆಟ್ ತೆಗೆದುಕೊಳ್ಳುತ್ತಿದ್ದೇನೆ, 32 ಅಂದರೆ ಕಳಿಸುತ್ತಿದ್ದೇನೆ. 64 ಅಂದರೆ ಎದುರಿನವರು ಏನೂ ಹೇಳಿಲ್ಲ, ಊಹೆಯ ಮೇಲೆ ನಡೆಯುತ್ತಿದ್ದೇನೆ. 128 ಅಂದರೆ ಎದುರಿನವರ ಮಾತಿನ ಅವಧಿ ಮುಗಿದಿದೆ.

ಈಗ 63 ನೋಡಿ. ಮೊದಲ ಆರೂ ಬಿಟ್ ಇವೆ, ಎಲ್ಲ ಚೆನ್ನಾಗಿದೆ, ಫಾಸ್ಟ್ ರೇಟ್. 61 ಇದ್ದರೆ ಅದೂ ಆರೋಗ್ಯವೇ, 2 ಮಾತ್ರ ಇಲ್ಲ, ಅಂದರೆ ಸ್ಲೋ ರೇಟ್. 69 ಬಂದರೆ? 64, 4, 1. ನಾನು ಸಿದ್ಧ, ಎದುರು ಯಾರೂ ಇಲ್ಲ. ಆಕ್ಟರ್ (ನಮ್ಮ ಸರ್ವರ್) ಮತ್ತು ಪಾರ್ಟ್ನರ್ ಎರಡರ ಸಂಖ್ಯೆಯನ್ನೂ ಹೀಗೇ ಬಿಡಿಸಿದರೆ ಯಾವ ಕಡೆ ಮೌನವಾಗಿದೆ ಅನ್ನುವುದು ಸ್ವಿಚ್‌ಗೆ ಲಾಗಿನ್ ಆಗದೆಯೇ ಗೊತ್ತಾಗುತ್ತದೆ.

ಇನ್ನೂ ಅನುಮಾನ ಇದ್ದರೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಾಕಿ. ಬಾಂಡ್ ಮೇಲೆ ಅಲ್ಲ, ಒಂದೊಂದು ಸ್ಲೇವ್ ಮೇಲೆ. ಈಥರ್‌ಟೈಪ್ ಹೆಕ್ಸ್ 8809 ಅಂತ ಫಿಲ್ಟರ್ ಕೊಟ್ಟರೆ ಎಲ್‌ಎಸಿಪಿ ಪ್ಯಾಕೆಟ್‌ಗಳು ಕಾಣುತ್ತವೆ. ಸ್ಲೋ ರೇಟ್ ಇದ್ದಾಗ ಅವು ಬರುವುದು 30 ಸೆಕೆಂಡಿಗೊಮ್ಮೆ. ಸ್ವಲ್ಪ ಕಾಯಬೇಕು. ಹತ್ತು ಸೆಕೆಂಡು ನೋಡಿ ಏನೂ ಬರುತ್ತಿಲ್ಲ ಅಂತ ತೀರ್ಮಾನಿಸಬೇಡಿ.

ಕ್ಲಸ್ಟರ್ ಎಷ್ಟು ಹೊತ್ತು ಕಾಯುತ್ತದೆ?

ಹೈ ಅವೈಲಬಿಲಿಟಿ ಅಂದ ಮೇಲೆ ಈ ಪ್ರಶ್ನೆ ಬಿಡುವಂತಿಲ್ಲ. ಬಾಂಡ್ ಫೇಲ್‌ಓವರ್ ಆಗುತ್ತದೆಯಾ ಅನ್ನುವುದರಷ್ಟೇ ಮುಖ್ಯ, ಎಷ್ಟು ಬೇಗ ಆಗುತ್ತದೆ ಅನ್ನುವುದು. ಕ್ಲಸ್ಟರ್ ಅಂದರೆ ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು, ಅದರ ನೋಡ್‌ಗಳು ಬದುಕಿವೆಯಾ ಅಂತ ನೋಡುವ ತಂತ್ರಾಂಶ ಕೊರೊಸಿಂಕ್. ಅದರ 3ನೇ ಆವೃತ್ತಿಯ ಹೊಸ ಬಿಡುಗಡೆಗಳಲ್ಲಿ ಟೋಕನ್ ಟೈಮ್‌ಔಟ್‌ನ (ಸುದ್ದಿ ಬರದಿದ್ದರೆ ಕಾಯುವ ಸಮಯ) ಡೀಫಾಲ್ಟ್ 3000 ಮಿಲಿಸೆಕೆಂಡ್. ಹಳೆಯ 2ನೇ ಆವೃತ್ತಿಯಲ್ಲಿ 1000. ಅಷ್ಟರೊಳಗೆ ದಾರಿ ಬದಲಾಗದಿದ್ದರೆ ಕ್ಲಸ್ಟರ್ ಆ ನೋಡ್ ಸತ್ತಿದೆ ಅಂತ ತಿಳಿದು ಫೆನ್ಸ್ ಮಾಡಬಹುದು, ಅಂದರೆ ಬಲವಂತವಾಗಿ ಆರಿಸಿ ಇಲ್ಲವೇ ರೀಬೂಟ್ ಮಾಡಿ ಗುಂಪಿನಿಂದ ಹೊರಗಿಡಬಹುದು. ಸರ್ವರ್ ಗಟ್ಟಿಯಾಗಿಯೇ ಇತ್ತು, ಒಂದು ಕೇಬಲ್ ಹೋದದ್ದಕ್ಕೆ ರೀಬೂಟ್ ಆಯಿತು! ಇದರ ಹಿಂದೆ ಇರುವುದು ಬಹಳ ಸಲ ಈ ಲೆಕ್ಕವೇ.

ಲಿಂಕ್ ನಿಜವಾಗಿ ಬಿದ್ದರೆ ಚಿಂತೆ ಇಲ್ಲ. 100 ಮಿಲಿಸೆಕೆಂಡಿನ ಪೋಲಿಂಗ್ ಅದನ್ನು ತಕ್ಷಣ ಹಿಡಿಯುತ್ತದೆ. ಕಷ್ಟ ಇರುವುದು ಲಿಂಕ್ ಅಪ್ ಇದ್ದೂ ಆಚೆ ಕಡೆ ಸತ್ತಾಗ. ಮಧ್ಯದಲ್ಲಿ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್‌ಗೂ ಫೈಬರ್‌ಗೂ ನಡುವಿನ ಪೆಟ್ಟಿಗೆ) ಇದೆ ಅಂದುಕೊಳ್ಳಿ. ಸ್ವಿಚ್ ಕಡೆಯ ತುಂಡು ಕಡಿದರೂ ಸರ್ವರ್ ಕಡೆ ದೀಪ ಉರಿಯುತ್ತಲೇ ಇರಬಹುದು. ಆಗ ಮೋಡ್ 4ರಲ್ಲಿ ಎಲ್‌ಎಸಿಪಿ ಟೈಮ್‌ಔಟ್ ಒಂದೇ ಗತಿ. ಸ್ಲೋ ರೇಟ್‌ನಲ್ಲಿ ಅದು 90 ಸೆಕೆಂಡು, ಫಾಸ್ಟ್‌ನಲ್ಲಿ 3 ಸೆಕೆಂಡು. ಲಿನಕ್ಸ್‌ನ ಡೀಫಾಲ್ಟ್ ಸ್ಲೋ. ಕ್ಲಸ್ಟರ್ ಸರ್ವರ್‌ಗಳಲ್ಲಿ ಫಾಸ್ಟ್ ಇಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಮತ್ತು ಟೋಕನ್ ಸಮಯವನ್ನು ಅದಕ್ಕಿಂತ ಸಾಕಷ್ಟು ಮೇಲಿಡಬೇಕು. ಎರಡೂ 3 ಸೆಕೆಂಡು ಇದ್ದರೆ ಯಾವುದು ಮೊದಲು ಮುಗಿಯುತ್ತದೆ ಅಂತ ಹೇಳಲು ಬರುವುದಿಲ್ಲ, ಅಲ್ವಾ?

ಲಿಂಕ್ ವಾಪಸ್ ಬರುವಾಗಲೂ ಎಚ್ಚರ ಬೇಕು. ಸ್ವಿಚ್ ಪೋರ್ಟ್‌ನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು, ಆ ಕಾಯುವಿಕೆಯನ್ನು ಬಿಟ್ಟುಬಿಡುವ ಪೋರ್ಟ್‌ಫಾಸ್ಟ್ ಥರದ ಸೆಟ್ಟಿಂಗ್ ಇಲ್ಲದಿದ್ದರೆ, ಲಿಂಕ್ ಅಪ್ ಆದರೂ 15 ಮತ್ತು 15, ಒಟ್ಟು 30 ಸೆಕೆಂಡು ಪ್ಯಾಕೆಟ್ ದಾಟುವುದಿಲ್ಲ. ಪ್ರೈಮರಿ ಅಂತ ಗುರುತಿಸಿದ ಪೋರ್ಟ್ ಎದ್ದ ತಕ್ಷಣ ಬಾಂಡ್ ಅಲ್ಲಿಗೆ ಹಾರಿದರೆ ಅಷ್ಟು ಹೊತ್ತು ಸರ್ವರ್ ಮಾಯ. ಅಪ್‌ಡಿಲೇ, ಅಂದರೆ ಎದ್ದ ಲಿಂಕನ್ನು ಬಳಸುವ ಮೊದಲು ಕಾಯುವ ಸಮಯ, ಇರುವುದು ಇದಕ್ಕೇ. ಅದು ಪೋಲಿಂಗ್ ಸಮಯದ ಅಪವರ್ತ್ಯ ಆಗಿರಬೇಕು, ಇಲ್ಲದಿದ್ದರೆ ಬಾಂಡ್ ಅದನ್ನು ಕೆಳಗಿನ ಅಪವರ್ತ್ಯಕ್ಕೆ ಇಳಿಸಿಕೊಳ್ಳುತ್ತದೆ. ಎಲ್ಲ ಲಿಂಕ್‌ಗಳೂ ಬಿದ್ದಿದ್ದಾಗ ಮೊದಲು ಎದ್ದದ್ದನ್ನು ಅಪ್‌ಡಿಲೇ ಲೆಕ್ಕಿಸದೆ ಬಳಸುತ್ತದೆ. ಪ್ರೈಮರಿಗೆ ಮರಳುವುದು ಅಷ್ಟು ಮುಖ್ಯವಲ್ಲದಿದ್ದರೆ ಪ್ರೈಮರಿ ರೀಸೆಲೆಕ್ಟ್‌ಗೆ ಫೇಲ್ಯೂರ್ ಅಂತ ಕೊಡಿ. ಇರುವ ಪೋರ್ಟ್ ಕೆಡುವವರೆಗೆ ಅದು ಜಾಗ ಬಿಡುವುದಿಲ್ಲ.

ಸ್ವಿಚ್ ಜೊತೆ ಮಾತು ತಪ್ಪಿದಾಗ

ಆಕ್ಟಿವ್-ಬ್ಯಾಕಪ್‌ಗೆ ಸ್ವಿಚ್ ಕಡೆ ಯಾವ ಗುಂಪೂ ಬೇಡ. ಯಾರೋ ಅಲ್ಲಿ ಸ್ಟ್ಯಾಟಿಕ್ ಈಥರ್‌ಚಾನೆಲ್ (ಎಲ್‌ಎಸಿಪಿ ಇಲ್ಲದೆ ಕೈಯಾರೆ ಮಾಡಿದ ಪೋರ್ಟ್ ಗುಂಪು) ಮಾಡಿಟ್ಟಿದ್ದರೆ ವಿಚಿತ್ರ ಲಕ್ಷಣ ಕಾಣುತ್ತದೆ. ಸ್ವಿಚ್ ಎರಡೂ ಪೋರ್ಟ್‌ಗೆ ಹಂಚಿ ಕಳಿಸುತ್ತದೆ. ಬ್ಯಾಕಪ್ ಪೋರ್ಟ್‌ಗೆ ಬಂದದ್ದನ್ನು ಬಾಂಡ್ ಬಿಸಾಡುತ್ತದೆ. ಹಾಗಾಗಿ ಕೆಲವು ಕ್ಲೈಂಟ್‌ಗಳಿಗೆ ಸರ್ವರ್ ಸಿಗುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ.

ಕೆಲವರಿಗೆ ಮಾತ್ರ ನಿಧಾನ ಅನ್ನುವ ದೂರು ಎಲ್‌ಎಸಿಪಿಯಲ್ಲೂ ಬರುತ್ತದೆ, ಕಾರಣ ಬೇರೆ. ಯಾವ ಪ್ಯಾಕೆಟ್ ಯಾವ ಲಿಂಕ್‌ಗೆ ಅಂತ ವಿಳಾಸಗಳಿಂದ ನಿರ್ಧರಿಸುವ ಹ್ಯಾಶ್ ಲೆಕ್ಕದಲ್ಲಿ ಒಂದು ಫ್ಲೋ (ಒಂದೇ ಸಂಪರ್ಕದ ಪ್ಯಾಕೆಟ್‌ಗಳ ಸಾಲು) ಯಾವಾಗಲೂ ಒಂದೇ ಲಿಂಕ್ ಹಿಡಿಯುತ್ತದೆ. ಆ ಲಿಂಕ್‌ನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಫ್ರೇಮ್) ಇದ್ದರೆ ಅದೇ ಜನರಿಗೆ ಮತ್ತೆ ಮತ್ತೆ ತೊಂದರೆ, ಉಳಿದವರು ಆರಾಮ. ಲಿಂಕ್ ಅಪ್ ಇರುವುದರಿಂದ ಬಾಂಡ್‌ಗೆ ಇದು ಕಾಣುವುದೇ ಇಲ್ಲ. ಈಥ್‌ಟೂಲ್ ಅನ್ನುವ ಕಮಾಂಡ್‌ನ ಅಂಕಿಅಂಶಗಳನ್ನು ಪ್ರತಿ ಸ್ಲೇವ್ ಮೇಲೆ ಎರಡು ಸಲ ತೆಗೆದು, ಮಧ್ಯೆ ಎಷ್ಟು ಏರಿತು ನೋಡಿ. ಹ್ಯಾಶ್ ಡೀಫಾಲ್ಟ್ ಲೇಯರ್2, ಅಂದರೆ ಮ್ಯಾಕ್ ವಿಳಾಸ ನೋಡಿ ಹಂಚುವುದು. ಎಲ್ಲ ಟ್ರಾಫಿಕ್ ಒಂದೇ ಗೇಟ್‌ವೇ ಮೂಲಕ ಹೋಗುವಾಗ ಎದುರಿನ ಮ್ಯಾಕ್ ಒಂದೇ, ಹೀಗಾಗಿ ಒಂದೇ ಲಿಂಕ್ ತುಂಬುತ್ತದೆ. ಲೇಯರ್3+4 (ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆ ನೋಡುವುದು) ಮಾಡಿದರೆ ಹಂಚಿಕೆ ಸುಧಾರಿಸುತ್ತದೆ. ಆದರೆ ಇದು ನಾವು ಕಳಿಸುವ ದಿಕ್ಕಿಗೆ ಮಾತ್ರ. ಒಳಬರುವುದನ್ನು ಹಂಚುವುದು ಸ್ವಿಚ್.

ಫೇಲ್‌ಓವರ್ ಆದ ಮೇಲೂ ಹೊರಗಿನವರಿಗೆ ಸರ್ವರ್ ಸಿಗದಿದ್ದರೆ ಸ್ವಿಚ್‌ಗಳ ಮ್ಯಾಕ್ ಟೇಬಲ್ (ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಅನ್ನುವ ಪಟ್ಟಿ) ನೆನಪಿರಲಿ. ಆಕ್ಟಿವ್-ಬ್ಯಾಕಪ್ ಹೊಸ ಪೋರ್ಟ್‌ನಿಂದ ಗ್ರಾಟ್ಯುಟಸ್ ಎಆರ್‌ಪಿ (ಯಾರೂ ಕೇಳದೆಯೇ ತನ್ನ ವಿಳಾಸ ಸಾರುವ ಪ್ಯಾಕೆಟ್) ಕಳಿಸುತ್ತದೆ, ಡೀಫಾಲ್ಟ್ ಆಗಿ ಒಂದೇ ಒಂದು. ಅದು ಕಳೆದುಹೋದರೆ ದೂರದ ಸ್ವಿಚ್ ಹಳೆಯ ದಾರಿಗೇ ಕಳಿಸುತ್ತಿರುತ್ತದೆ. ಸಂಖ್ಯೆ ಜಾಸ್ತಿ ಮಾಡಬಹುದು. ಬಾಂಡ್ ಮೇಲೆ ಬ್ರಿಜ್ ಕಟ್ಟಿ ವರ್ಚುವಲ್ ಮಷೀನ್ ಓಡಿಸುತ್ತಿದ್ದರೆ ಇನ್ನೊಂದು ಗಮನ ಬೇಕು: ಈ ಎಆರ್‌ಪಿ ಹೋಸ್ಟ್‌ನ ವಿಳಾಸಗಳಿಗೆ. ಒಳಗಿನ ಮಷೀನ್ ತಾನಾಗಿ ಏನಾದರೂ ಕಳಿಸುವವರೆಗೆ ಸ್ವಿಚ್ ಅದರ ಹೊಸ ದಾರಿ ಕಲಿಯುವುದಿಲ್ಲ.

ಎಆರ್‌ಪಿ ಮಾನಿಟರ್

ಲಿಂಕ್ ಆಚೆಯೂ ನೋಡಬೇಕು ಅಂದರೆ ಆಕ್ಟಿವ್-ಬ್ಯಾಕಪ್‌ನಲ್ಲಿ ಎಆರ್‌ಪಿ ಮಾನಿಟರ್ ಇದೆ. ಮೋಡ್ 4, 5, 6ರಲ್ಲಿ ಇದು ನಡೆಯುವುದಿಲ್ಲ. ಎಂಐಐ ಜೊತೆ ಒಟ್ಟಿಗೂ ಇಡಲಾಗದು. ಗುರಿಯಾಗಿ ಗೇಟ್‌ವೇ ಒಂದನ್ನೇ ಕೊಟ್ಟರೆ, ಗೇಟ್‌ವೇ ರೀಬೂಟ್ ಆದಾಗ ಎಲ್ಲ ಸ್ಲೇವ್‌ಗಳೂ ಡೌನ್ ಅಂತ ಬಾಂಡ್ ನಂಬುತ್ತದೆ. 16ರವರೆಗೆ ಗುರಿ ಕೊಡಬಹುದು, ಕನಿಷ್ಠ ಎರಡಾದರೂ ಇರಲಿ. ವ್ಯಾಲಿಡೇಟ್ ಆಯ್ಕೆಯನ್ನೂ ಹಾಕಿ. ಇಲ್ಲದಿದ್ದರೆ ಬೇರೆ ಯಾರದೋ ಬ್ರಾಡ್‌ಕಾಸ್ಟ್ ಬಂದರೂ ದಾರಿ ಚೆನ್ನಾಗಿದೆ ಅಂದುಕೊಳ್ಳುತ್ತದೆ.

ಪರೀಕ್ಷೆ ಮಾಡುವ ಬಗೆ

ಸ್ಲೇವ್ ಇಂಟರ್‌ಫೇಸನ್ನು ಕಮಾಂಡ್‌ನಿಂದ ಡೌನ್ ಮಾಡಿ ನೋಡುವುದು ಸುಲಭ, ಆದರೆ ಅಪೂರ್ಣ. ಕರ್ನಲ್‌ಗೆ ನಾವೇ ಹೇಳಿ ಇಳಿಸಿದ್ದು ಅದು, ಪತ್ತೆ ಮಾಡುವ ಭಾಗ ಪರೀಕ್ಷೆಯಾಗಲೇ ಇಲ್ಲ. ಕೇಬಲ್ ಕೀಳಿ. ಬೇರೆಯಾಗಿ ಸ್ವಿಚ್ ಕಡೆಯಿಂದ ಪೋರ್ಟ್ ಮುಚ್ಚಿಸಿ. ಆಗುವುದಾದರೆ ಇಡೀ ಸ್ವಿಚ್ ರೀಬೂಟ್ ಮಾಡಿಸಿ. ಎರಡೂ ಕೇಬಲ್ ಒಂದೇ ಸ್ವಿಚ್‌ಗೆ ಹೋಗಿವೆ ಅನ್ನುವುದು ಹೊರಬರುವುದು ಆಗಲೇ. ಹೊರಗಿನ ಬೇರೆ ಮಷೀನ್‌ನಿಂದ ಪಿಂಗ್ ಓಡುತ್ತಿರಲಿ, ಎಷ್ಟು ಪ್ಯಾಕೆಟ್ ಬಿತ್ತು ಬರೆದಿಡಿ, ಆ ಸಮಯವನ್ನು ಟೋಕನ್ ಟೈಮ್‌ಔಟ್ ಪಕ್ಕ ಇಟ್ಟು ನೋಡಿ.

ಜಂಬೋ ಫ್ರೇಮ್ (ಸಾಮಾನ್ಯಕ್ಕಿಂತ ದೊಡ್ಡ ಪ್ಯಾಕೆಟ್) ಇದ್ದರೆ ಎರಡೂ ದಾರಿಯಲ್ಲಿ ಬೇರೆಬೇರೆಯಾಗಿ ಪರೀಕ್ಷಿಸಿ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000ಕ್ಕೆ ಪಿಂಗ್ ಗಾತ್ರ 8972, ತುಂಡು ಮಾಡಬೇಡ ಅನ್ನುವ ಆಯ್ಕೆಯೊಂದಿಗೆ. ಉಳಿದ 28 ಬೈಟ್ ಐಪಿ ಮತ್ತು ಐಸಿಎಂಪಿ ಹೆಡರ್‌ಗೆ. ಆಕ್ಟಿವ್-ಬ್ಯಾಕಪ್‌ನಲ್ಲಿ ಒಮ್ಮೆ ಪಿಂಗ್ ಮಾಡಿ, ಆಕ್ಟಿವ್ ಸ್ಲೇವ್ ಬದಲಿಸಿ, ಮತ್ತೆ ಮಾಡಿ. ಎಲ್‌ಎಸಿಪಿಯಲ್ಲಿ ಒಂದೇ ಗುರಿಗೆ ಎಷ್ಟು ಸಲ ಪಿಂಗ್ ಮಾಡಿದರೂ ಅದು ಒಂದೇ ಲಿಂಕ್‌ನಲ್ಲಿ ಹೋಗಬಹುದು. ಅಲ್ಲಿ ಬೇರೆ ಬೇರೆ ಗುರಿಗಳಿಗೆ ಮಾಡಿ, ಎರಡೂ ಸ್ಲೇವ್‌ಗಳ ಕೌಂಟರ್ ಏರಿದ್ದನ್ನು ಕಣ್ಣಾರೆ ನೋಡಿಯೇ ಮುಂದೆ ಹೋಗಿ.