ವೋಲ್ಟೇಜ್ ಡ್ರಾಪ್: ಕ್ಯಾಂಪರ್ ಟ್ರೇಲರ್‌ನ ವೈರಿಂಗ್‌ನಲ್ಲಿ ದಾರಿಯಲ್ಲೇ ಸೋರಿಹೋಗುವ ವೋಲ್ಟು

ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟರೆ 12.8 ವೋಲ್ಟ್. ಕ್ಯಾಂಪರ್ ಟ್ರೇಲರ್‌ನ (ವಾಹನದ ಹಿಂದೆ ಎಳೆದೊಯ್ಯುವ, ಒಳಗೆ ತಂಗಬಹುದಾದ ಗಾಡಿ) ಹಿಂಬಾಗಿಲ ಬಳಿಯ ಗಾಲಿಕುರ್ಚಿ ಲಿಫ್ಟ್‌ನ ಟರ್ಮಿನಲ್‌ಗೆ ಇಟ್ಟರೂ 12.8. ಎಲ್ಲ ಸರಿಯಾಗಿದೆ ಅನಿಸುತ್ತದೆ. ಈಗ ಗಾಲಿಕುರ್ಚಿಯಲ್ಲಿ ಕೂತವರ ಸಮೇತ ಲಿಫ್ಟ್ ಮೇಲೇಳುವಾಗ ಮತ್ತೆ ನೋಡಿ: ಬ್ಯಾಟರಿಯ ಬಳಿ 12.5, ಲಿಫ್ಟ್‌ನ ಬಳಿ 11.3. ನಡುವೆ 1.2 ವೋಲ್ಟ್ ಕಾಣೆ. ಅದು ವೈರಿನಲ್ಲಿ, ವೈರಿನ ತುದಿಗೆ ಕೂರಿಸುವ ಲೋಹದ ಲಗ್ಗುಗಳಲ್ಲಿ, ಫ್ಯೂಸ್ ಹೋಲ್ಡರ್‌ನಲ್ಲಿ ಬಿಸಿಯಾಗಿ ಹೋಗಿದೆ. ಹೀಗೆ ಕರೆಂಟ್ ಹರಿಯುವಾಗ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜನ್ನು ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ವಿಭವ ಕುಸಿತ.

ಈ ವಿವರಣೆಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಪದ ‘ಹರಿಯುವಾಗ’. ಲಿಫ್ಟ್ ಸುಮ್ಮನೆ ನಿಂತಿದ್ದರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲದಿದ್ದರೆ ಡ್ರಾಪೂ ಇಲ್ಲ. ಅದಕ್ಕೇ ಲೋಡ್ (ಕರೆಂಟ್ ಎಳೆಯುವ ಉಪಕರಣ) ಇಲ್ಲದೆ ಮಾಡಿದ ಅಳತೆಯಲ್ಲಿ ಎಂಥ ಕೆಟ್ಟ ವೈರಿಂಗ್ ಕೂಡ ಪಾಸಾಗಿಬಿಡುತ್ತದೆ.

ಲೆಕ್ಕ ಸರಳ. ತಾಮ್ರದ ವೈರಿಗೆ, ಡ್ರಾಪ್ = ಕರೆಂಟ್ × ಉದ್ದ × 0.0175 ÷ ವೈರಿನ ಗಾತ್ರ. ಕರೆಂಟ್ ಆಂಪಿಯರ್‌ನಲ್ಲಿ, ಉದ್ದ ಮೀಟರ್‌ನಲ್ಲಿ, ಗಾತ್ರ ಸ್ಕ್ವೇರ್ ಎಂಎಂನಲ್ಲಿ. ಉದ್ದ ಎಂದರೆ ಹೋಗುವ ಪ್ಲಸ್ ವೈರ್, ಮರಳುವ ಮೈನಸ್ ವೈರ್ ಎರಡೂ ಸೇರಿ. ಒಂದೇ ಕಡೆಯದನ್ನು ಲೆಕ್ಕ ಹಾಕಿ ಅರ್ಧ ಡ್ರಾಪ್ ತೋರಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು.

ಮನೆಯ ವೈರಿಂಗ್ ಮಾಡಿ ಪಳಗಿದವರೂ ಟ್ರೇಲರ್‌ನಲ್ಲಿ ಎಡವುವುದಕ್ಕೆ ಕಾರಣವಿದೆ. 230 ವೋಲ್ಟಿನಲ್ಲಿ 1 ವೋಲ್ಟ್ ಕಳೆದರೆ ಶೇ. 0.4 ಮಾತ್ರ, ಯಾರ ಗಮನಕ್ಕೂ ಬರುವುದಿಲ್ಲ. 12 ವೋಲ್ಟಿನಲ್ಲಿ ಅದೇ 1 ವೋಲ್ಟ್ ಎಂದರೆ ಶೇ. 8ಕ್ಕೂ ಹೆಚ್ಚು. ಸಾಲದ್ದಕ್ಕೆ, 960 ವ್ಯಾಟ್‌ನ ಮೋಟಾರಿಗೆ 230 ವೋಲ್ಟಿನಲ್ಲಿ ಸುಮಾರು 4 ಆಂಪ್ ಸಾಕು, 12 ವೋಲ್ಟಿನಲ್ಲಿ 80 ಆಂಪ್ ಬೇಕು. ವೋಲ್ಟೇಜ್ ಕಡಿಮೆ, ಕರೆಂಟ್ ಹೆಚ್ಚು. ಹೊಡೆತ ಎರಡೂ ಕಡೆಯಿಂದ.

ಕಾರ್ಗೋ ಟ್ರೇಲರನ್ನು ಗಾಲಿಕುರ್ಚಿ ಬಳಸುವವರಿಗೆ ಒಗ್ಗುವ ಕ್ಯಾಂಪರ್ ಮಾಡುವಾಗ ಈ ಹೊಡೆತ ಇನ್ನಷ್ಟು ಜೋರು. ಕುರ್ಚಿ ಸುತ್ತು ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಹಾಗಾಗಿ ನೆಲದ ಮೇಲೆ ವೈರ್ ಅಡ್ಡ ಹಾಯುವಂತಿಲ್ಲ, ನಡುವೆ ಕಪಾಟೂ ಇಡುವಂತಿಲ್ಲ. ವೈರ್ ಗೋಡೆ ಹಿಡಿದು, ಬಾಗಿಲ ಚೌಕಟ್ಟನ್ನು ಬಳಸಿ, ಕೆಲವೊಮ್ಮೆ ಛಾವಣಿ ಹತ್ತಿ ಇಳಿಯುತ್ತದೆ. 6 ಮೀಟರ್ ಉದ್ದದ ಟ್ರೇಲರ್‌ನಲ್ಲಿ ಮುಂದಿನ ಮೂಲೆಯಿಂದ ಹಿಂದಿನ ಮೂಲೆಗೆ ವೈರಿನ ನಿಜವಾದ ದಾರಿ 9 ಮೀಟರ್ ಆಗುವುದು ತೀರಾ ಸಾಮಾನ್ಯ. ಟೇಪ್ ಹಿಡಿದು ವೈರ್ ಹೋಗುವ ದಾರಿಯನ್ನೇ ಅಳೆಯಿರಿ, ಟ್ರೇಲರ್‌ನ ಉದ್ದವನ್ನಲ್ಲ.

80 ಆಂಪ್ ಎಳೆಯುವ ಲಿಫ್ಟ್, 9 ಮೀಟರ್ ದಾರಿ, ಹೋಗಿ ಬರಲು 18 ಮೀಟರ್. 16 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಡ್ರಾಪ್ 1.6 ವೋಲ್ಟ್. 25 ಹಾಕಿದರೆ 1.0. 35ಕ್ಕೆ 0.72, 50ಕ್ಕೆ 0.5. 70 ಸ್ಕ್ವೇರ್ ಎಂಎಂಗೆ ಬಂದಾಗ 0.36 ವೋಲ್ಟ್, ಅಂದರೆ ಶೇ. 3. ಮುಖ್ಯ ಲೋಡ್‌ಗಳಿಗೆ ಶೇ. 3, ದೀಪ, ಫ್ಯಾನ್‌ನಂಥವಕ್ಕೆ ಶೇ. 10ರವರೆಗೆ ಎಂಬುದು ದೋಣಿ, ಕ್ಯಾಂಪರ್ ವೈರಿಂಗ್ ಮಾಡುವವರು ಇಟ್ಟುಕೊಂಡಿರುವ ಮಿತಿ. ಮನುಷ್ಯರನ್ನು ಎತ್ತುವ ಲಿಫ್ಟ್ ಮೊದಲ ಗುಂಪಿಗೇ ಸೇರಬೇಕು, ಇದರಲ್ಲಿ ರಾಜಿ ಬೇಡ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ಈ ವೈರ್ ಇಷ್ಟು ಆಂಪ್ ತಡೆಯುತ್ತದೆ’ ಎಂಬ ಪಟ್ಟಿ ಹೇಳುವುದು ವೈರಿನ ಹೊದಿಕೆ ಕರಗದೆ ಉಳಿಯುತ್ತದೆಯೇ ಎಂಬುದನ್ನು ಮಾತ್ರ. ಆ ಪಟ್ಟಿಯಲ್ಲಿ ಉದ್ದದ ಮಾತೇ ಇಲ್ಲ. 80 ಆಂಪನ್ನು ಒಂದು ನಿಮಿಷ ಹೊತ್ತೂ ಸುಡದ ವೈರ್, 18 ಮೀಟರ್‌ನಲ್ಲಿ ಒಂದೂವರೆ ವೋಲ್ಟ್ ನುಂಗಬಹುದು. ಬಿಸಿಯ ಲೆಕ್ಕ ಬೇರೆ, ಡ್ರಾಪ್‌ನ ಲೆಕ್ಕ ಬೇರೆ. ಎರಡನ್ನೂ ಹಾಕಿ, ಯಾವುದು ದಪ್ಪ ವೈರ್ ಕೇಳುತ್ತದೋ ಅದನ್ನು ಹಾಕಬೇಕು. ಫ್ಯೂಸ್ ಇರುವುದು ವೈರನ್ನು ಕಾಯಲು. ಡ್ರಾಪ್‌ನಿಂದ ಲಿಫ್ಟ್ ತೊಳಲಾಡುತ್ತಿದ್ದರೆ ಫ್ಯೂಸ್ ದೊಡ್ಡದು ಮಾಡಿ ಏನೂ ಪ್ರಯೋಜನವಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ.

ವೋಲ್ಟೇಜ್ ಇಳಿದರೆ ಆಗುವುದೇನು? ಅದು ಲೋಡ್ ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ. ಹಳೆಯ ಬಲ್ಬ್, ಹೀಟರ್‌ನಂಥವು ಮಂಕಾಗುತ್ತವೆ, ಅಷ್ಟೆ. ಇನ್ವರ್ಟರ್‌ನಂಥವು ಉಲ್ಟಾ: ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟ್‌ಗಾಗಿ ಹೆಚ್ಚು ಕರೆಂಟ್ ಎಳೆಯುತ್ತವೆ, ಆ ಕರೆಂಟ್ ಡ್ರಾಪನ್ನು ಇನ್ನೂ ಏರಿಸುತ್ತದೆ. ಸುಮಾರು 10.5 ವೋಲ್ಟಿಗೆ ಬಂದಾಗ ಇನ್ವರ್ಟರ್ ಕೂಗಿಕೊಂಡು ಆಫ್ ಆಗುತ್ತದೆ, ಬ್ಯಾಟರಿ ಮುಕ್ಕಾಲು ತುಂಬಿದ್ದರೂ. ‘ಬ್ಯಾಟರಿ ಹೋಯಿತು’ ಎಂದು ಹೊಸದು ತಂದವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ದಪ್ಪ ವೈರ್.

ಮೋಟಾರಿನದು ಮೂರನೆಯ ಬಗೆ. ವೋಲ್ಟೇಜ್ ಇಳಿದರೆ ಲಿಫ್ಟ್ ನಿಧಾನವಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಮೋಟಾರಿಗೆ ಕರೆಂಟ್ ಕೊಡುವ ಸೊಲೆನಾಯ್ಡ್ ರಿಲೇಯಲ್ಲಿ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಆಗುವಂಥದ್ದು. ಆ ಸ್ವಿಚ್ಚನ್ನು ಎಳೆದು ಹಿಡಿಯುವ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೂ ಇದೇ ಕುಸಿದ ವೋಲ್ಟೇಜ್ ಸಿಗುತ್ತಿದ್ದರೆ, ಮೋಟಾರ್ ಹೊರಟ ಕ್ಷಣದಲ್ಲಿ ಕಾಯಿಲ್ ಕೈಬಿಡುತ್ತದೆ. ಮೋಟಾರ್ ನಿಂತಾಗ ವೋಲ್ಟೇಜ್ ಮತ್ತೆ ಏರುತ್ತದೆ, ಕಾಯಿಲ್ ಮತ್ತೆ ಹಿಡಿಯುತ್ತದೆ. ಟಕಟಕ ಸದ್ದು ಕೇಳಿಸುವುದು ಇದರಿಂದ. ಪ್ರತಿ ಟಕ್‌ಗೂ ಕಾಂಟ್ಯಾಕ್ಟ್‌ಗಳ ನಡುವೆ ಕಿಡಿ. ಕೊನೆಗೊಂದು ದಿನ ಅವು ಬೆಸೆದುಕೊಂಡು, ಗುಂಡಿ ಬಿಟ್ಟರೂ ಮೋಟಾರ್ ನಿಲ್ಲುವುದಿಲ್ಲ. ಆ ಸದ್ದು ಕೇಳಿದ ದಿನವೇ ಲಿಫ್ಟ್ ಬಳಕೆ ನಿಲ್ಲಿಸಿ ವೈರಿಂಗ್ ನೋಡಬೇಕು. ಲಿಫ್ಟ್‌ಗೆ ಕೈಪಂಪೋ ಕೈಹಿಡಿಯೋ ಇದ್ದರೆ ಅದು ಹೊರಗಿನಿಂದಲೂ ಕೈಗೆ ಸಿಗುವ ಜಾಗದಲ್ಲಿರಲಿ. ಮೇಲೆ ಸಿಕ್ಕಿಹಾಕಿಕೊಂಡವರು ತಾವೇ ಇಳಿದು ಬಂದು ತೆಗೆದುಕೊಳ್ಳಲಾರರು.

70 ಸ್ಕ್ವೇರ್ ಎಂಎಂ ವೈರ್ ಎಳೆಯುವುದೇ ದಾರಿಯೇ? ಅಲ್ಲ. ಆ ವೈರಿನ ತಾಮ್ರ ಮೀಟರಿಗೆ ಸುಮಾರು 630 ಗ್ರಾಂ, 18 ಮೀಟರಿಗೆ 11 ಕೆ.ಜಿ. ದಾಟುತ್ತದೆ. ಹೊದಿಕೆಯ ತೂಕ ಬೇರೆ. ಈಗ ಲಿಫ್ಟ್‌ಗೆ ನಿಜವಾಗಿ ಎಷ್ಟು ಬೇಕೆಂದು ನೋಡಿ: 80 ಆಂಪ್, 40 ಸೆಕೆಂಡ್. ಇದು 0.9 ಆಂಪ್-ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್). ದಿನಕ್ಕೆ ಹತ್ತು ಸಲ ಎತ್ತಿದರೂ 9 ಆಂಪ್-ಅವರ್. ಲಿಫ್ಟ್ ಕೇಳುವುದು ಕ್ಷಣಕಾಲದ ಭಾರೀ ಕರೆಂಟ್. ಒಟ್ಟು ಶಕ್ತಿ ತೀರ ಕಡಿಮೆ. ಹಾಗಾಗಿ ಲಿಫ್ಟ್‌ನ ಪಕ್ಕದಲ್ಲೇ 35 ಆಂಪ್-ಅವರ್ ಆಸುಪಾಸಿನ ಒಂದು ಎಜಿಎಂ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಯಾಟರಿ ಇಡುವುದು ನಮ್ಮ ಮಟ್ಟಿಗೆ ಹೆಚ್ಚು ಒಪ್ಪುವ ಉಪಾಯ. ಅದರ ತೂಕವೂ ಹೆಚ್ಚುಕಡಿಮೆ ಆ ತಾಮ್ರದಷ್ಟೇ. ಅಲ್ಲಿಂದ ಲಿಫ್ಟ್‌ಗೆ ಒಂದೂವರೆ ಮೀಟರ್ ದಾರಿ, 25 ಸ್ಕ್ವೇರ್ ಎಂಎಂ ವೈರ್: ಡ್ರಾಪ್ 0.17 ವೋಲ್ಟ್. ಮುಖ್ಯ ಬ್ಯಾಟರಿಯಿಂದ ಅದನ್ನು ತುಂಬಲು 10 ಆಂಪ್‌ನ ಡಿಸಿ-ಡಿಸಿ ಚಾರ್ಜರ್, ಅದಕ್ಕೆ 6 ಸ್ಕ್ವೇರ್ ಎಂಎಂ ವೈರ್. ಆ ವೈರಿನಲ್ಲಿ ಅರ್ಧ ವೋಲ್ಟಿನ ಮೇಲೆ ಹೋದರೂ ಚಿಂತೆಯಿಲ್ಲ. ಬಂದ ವೋಲ್ಟೇಜನ್ನು ಬೇಕಾದ ಮಟ್ಟಕ್ಕೆ ಏರಿಸಿ ಕೊಡುವುದೇ ಆ ಚಾರ್ಜರ್‌ನ ಕೆಲಸ. ಚಾರ್ಜರನ್ನು ಲಿಫ್ಟ್ ಬ್ಯಾಟರಿಯ ಪಕ್ಕದಲ್ಲಿಡಿ, ಆ 6 ಸ್ಕ್ವೇರ್ ಎಂಎಂ ವೈರಿಗೆ ಮುಖ್ಯ ಬ್ಯಾಟರಿಯ ತುದಿಯಲ್ಲಿ ಫ್ಯೂಸ್ ಹಾಕಿ.

ಇದರಿಂದ ಇನ್ನೊಂದು ಲಾಭವಿದೆ. ಅನೇಕ 100 ಆಂಪ್-ಅವರ್ ಲಿಥಿಯಂ ಬ್ಯಾಟರಿಗಳೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) 100 ಆಂಪ್ ಸುಮಾರಿಗೆ ಮಿತಿ ಹಾಕಿಕೊಂಡಿರುತ್ತದೆ. ಮೋಟಾರ್ ಹೊರಡುವಾಗಿನ ಎಳೆತ ಅದನ್ನು ದಾಟಿದರೆ ಬಿಎಂಎಸ್ ಬ್ಯಾಟರಿಯನ್ನೇ ಕಡಿದುಹಾಕುತ್ತದೆ. ಆಗ ಲಿಫ್ಟ್ ಜೊತೆಗೆ ದೀಪ, ಫ್ರಿಜ್, ಉಸಿರಾಟಕ್ಕೆ ನೆರವಾಗುವ ಯಂತ್ರ ಎಲ್ಲವೂ ಬಂದ್. ಲಿಫ್ಟ್‌ಗೆ ಬೇರೆ ಬ್ಯಾಟರಿ ಇದ್ದರೆ ಈ ಭಯವಿಲ್ಲ. ಎಲ್ಲ ಬ್ಯಾಟರಿಯನ್ನೂ ಹಿಂದಕ್ಕೇ ಇಟ್ಟುಬಿಡೋಣ ಎಂದರೆ ಅದು ಆಗದು: ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15 ಮುಂದಿನ ಕೊಂಡಿಯ ಮೇಲೆ ಬೀಳದಿದ್ದರೆ ಓಡುವಾಗ ಟ್ರೇಲರ್ ಬಾಲ ಆಡಿಸುತ್ತದೆ.

ಗಾಲಿಕುರ್ಚಿಯ ಚಾರ್ಜರ್ ಲಿಫ್ಟ್‌ಗೆ ತದ್ವಿರುದ್ಧ. 24 ವೋಲ್ಟ್, 60 ಆಂಪ್-ಅವರ್‌ನ ಬ್ಯಾಟರಿಗಳಿರುವ ಕುರ್ಚಿ ಅರ್ಧ ಖಾಲಿಯಾಗಿದ್ದರೆ ತುಂಬಬೇಕಾದದ್ದು 720 ವ್ಯಾಟ್-ಅವರ್. ಇನ್ವರ್ಟರ್, ಚಾರ್ಜರ್, ಬ್ಯಾಟರಿ ಮೂರೂ ತಂತಮ್ಮ ಪಾಲು ಕಳೆಯುವುದರಿಂದ ಟ್ರೇಲರ್‌ನ ಬ್ಯಾಟರಿಯಿಂದ ಹೋಗುವುದು 1100ರ ಹತ್ತಿರ; 100 ಆಂಪ್-ಅವರ್‌ನ ಲಿಥಿಯಂ ಬ್ಯಾಟರಿಯೊಂದರ ಬಹುಪಾಲು. ಕರೆಂಟ್ 20 ಆಂಪ್ ಸುಮಾರು, ಆದರೆ ಗಂಟೆಗಟ್ಟಲೆ. ಇಲ್ಲಿ ಡ್ರಾಪ್ ಎಂದರೆ ನೇರವಾಗಿ ಪೋಲಾಗುವ ಶಕ್ತಿ. ಇನ್ವರ್ಟರನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ, ದೂರ ಹೋಗಬೇಕಾದದ್ದನ್ನು ಎಸಿಯಲ್ಲೇ ಕಳಿಸಿ. ಎಸಿ ಭಾಗವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ, ಗಾಳಿಗೆ ಬಿಸಿ ತೇವಾಂಶ ಸೇರಿಸುವ ಭಾಗವನ್ನು ಆಫ್ ಮಾಡಿದರೆ 40 ವ್ಯಾಟ್ ಆಸುಪಾಸು, ಅಂದರೆ 3.3 ಆಂಪ್. ವೈರ್ ದೊಡ್ಡ ವಿಷಯವಲ್ಲ, 2.5 ಸ್ಕ್ವೇರ್ ಎಂಎಂ ಸಾಕು. ಅಲ್ಲಿ ಕೈಕೊಡುವುದು ಸಿಗರೇಟ್ ಲೈಟರ್ ಮಾದರಿಯ ಸಾಕೆಟ್. ಸ್ಪ್ರಿಂಗ್ ಒತ್ತಡದ ಮೇಲೆ ನಿಂತ ಆ ಸಂಪರ್ಕ ರಾತ್ರಿ ಹೊರಳಾಡಿದಾಗ ವೈರ್ ಎಳೆದರೂ ಸಡಿಲಾಗುತ್ತದೆ. ಲಾಕ್ ಆಗುವ ಕನೆಕ್ಟರ್ ಹಾಕಿ.

ಸ್ವಿಚ್‌ಗಳದ್ದು ಬೇರೆಯೇ ಪ್ರಶ್ನೆ. ಕೂತವರ ಕೈಗೆ ಎಟುಕಲು ಅವು ನೆಲದಿಂದ 40ರಿಂದ 120 ಸೆಂ.ಮೀ. ನಡುವೆ ಇರಬೇಕು, ಬ್ಯಾಟರಿಯ ಮುಖ್ಯ ಸ್ವಿಚ್ ಕೂಡ. ಹಾಗೆಂದು ದಪ್ಪ ಕೇಬಲನ್ನು ಬಾಗಿಲ ಪಕ್ಕದ ಗೋಡೆಯವರೆಗೆ ಎಳೆದು ವಾಪಸ್ ತಂದರೆ ಮೂರ್ನಾಲ್ಕು ಮೀಟರ್ ಸುಮ್ಮನೆ ಸೇರಿಕೊಳ್ಳುತ್ತದೆ. ಬ್ಯಾಟರಿಯ ಬಳಿ ಲ್ಯಾಚಿಂಗ್ ರಿಲೇ (ಒಮ್ಮೆ ಸೂಚನೆ ಕೊಟ್ಟರೆ ಅದೇ ಸ್ಥಿತಿಯಲ್ಲಿ ಉಳಿಯುವ ರಿಲೇ) ಹಾಕಿ, ಗೋಡೆಯ ಸ್ವಿಚ್‌ಗೆ 1 ಸ್ಕ್ವೇರ್ ಎಂಎಂ ವೈರ್ ಮಾತ್ರ ಒಯ್ಯಿರಿ. ಅದಕ್ಕೆ ಅದರದೇ ಸಣ್ಣ ಫ್ಯೂಸ್ ಇರಲಿ. ದಪ್ಪ ಕೇಬಲಿನ ಮುಖ್ಯ ಫ್ಯೂಸ್ ಬ್ಯಾಟರಿಯಿಂದ 20 ಸೆಂ.ಮೀ. ಒಳಗೇ ಇರಬೇಕು, ಲಿಥಿಯಂ ಆದರೆ ಕ್ಲಾಸ್ ಟಿ ಮಾದರಿಯದು, ಯಾಕೆಂದರೆ ಶಾರ್ಟ್ ಆದಾಗ ಹರಿಯುವ ಸಾವಿರಾರು ಆಂಪನ್ನು ಕಡಿಯುವ ತಾಕತ್ತು ಸಾಮಾನ್ಯ ಫ್ಯೂಸ್‌ಗೆ ಇರುವುದಿಲ್ಲ.

ಸರಿಯಾದ ಗಾತ್ರದ ವೈರ್ ಹಾಕಿಯೂ ಡ್ರಾಪ್ ಹೆಚ್ಚಿದ್ದರೆ ಮೊದಲು ವೈರಿನ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಅದೇ ಗಾತ್ರದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಡ್ರಾಪ್. (ತವರ ಲೇಪಿಸಿದ ತಾಮ್ರ ಇದಕ್ಕೆ ವಿರುದ್ಧ: ಹೊರಗೆ ಬೆಳ್ಳಗಿದ್ದು ಕೆರೆದರೆ ಕೆಂಪಗೆ ಕಾಣುತ್ತದೆ, ಅದು ಒಳ್ಳೆಯ ವೈರ್.) ಆಮೇಲೆ ಮೈನಸ್. ಚಾಸಿಯನ್ನೇ ಮರಳುವ ದಾರಿ ಮಾಡಿಕೊಂಡಿದ್ದರೆ ಬಣ್ಣದ ಮೇಲೆ ಬಿಗಿದ ಬೋಲ್ಟು, ತುಕ್ಕು ಹಿಡಿದ ವಾಷರ್ ಅಲ್ಲೇ ಸಿಗುತ್ತವೆ. ಲಿಫ್ಟ್‌ಗೆ ಮೈನಸ್ ವೈರನ್ನೂ ಪ್ಲಸ್‌ನಷ್ಟೇ ದಪ್ಪದ್ದನ್ನು ನೇರ ಬ್ಯಾಟರಿಗೆ ತನ್ನಿ.

ಬಸ್‌ಬಾರ್‌ನ (ಹಲವು ವೈರ್‌ಗಳು ಬಂದು ಸೇರುವ ತಾಮ್ರದ ಪಟ್ಟಿ) ಸ್ಟಡ್ ಮೇಲೆ ಲಗ್ ಕೂರಿಸುವ ಕ್ರಮದಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ತಾಮ್ರದ ಪಟ್ಟಿ, ಅದರ ಮೇಲೆ ನೇರವಾಗಿ ಲಗ್, ಆಮೇಲೆ ಚಪ್ಪಟೆ ವಾಷರ್, ಸ್ಪ್ರಿಂಗ್ ವಾಷರ್, ನಟ್. ಪಟ್ಟಿಗೂ ಲಗ್ಗಿಗೂ ನಡುವೆ ಒಂದು ಸ್ಟೀಲ್ ವಾಷರ್ ನುಸುಳಿದರೆ ಪೂರ್ತಿ ಕರೆಂಟ್ ಅದನ್ನೇ ಹಾಯಬೇಕು. 80 ಆಂಪ್‌ನಲ್ಲಿ ಆ ಜಾಗದಲ್ಲಿ 0.1 ವೋಲ್ಟ್ ಬಿದ್ದರೂ 8 ವ್ಯಾಟ್ ಬಿಸಿ, ಬೆರಳ ತುದಿಯಷ್ಟು ಲೋಹದಲ್ಲಿ.

ಹುಡುಕುವ ವಿಧಾನ ಹೀಗೆ. ಮೀಟರನ್ನು ಡಿಸಿ ವೋಲ್ಟಿಗಿಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಕಡ್ಡಿಯನ್ನು ಲಿಫ್ಟ್‌ನ ಪ್ಲಸ್ ಸ್ಟಡ್‌ಗೆ ಹಿಡಿಯಿರಿ. ಬೇಕಾದರೆ ಕಡ್ಡಿಗೆ ಉದ್ದದ ತೆಳು ವೈರ್ ಕಟ್ಟಿಕೊಳ್ಳಿ. ಮೀಟರ್ ಮೂಲಕ ಹರಿಯುವುದು ನಗಣ್ಯವಾದ್ದರಿಂದ ಅದರಿಂದ ಅಳತೆ ಕೆಡುವುದಿಲ್ಲ. ಲಿಫ್ಟ್ ಮೇಲೆ ಕುರ್ಚಿ ಮತ್ತು ಬಳಸುವವರು ಸೇರಿದಷ್ಟು ತೂಕದ ಮೂಟೆಗಳನ್ನಿಟ್ಟು ಎತ್ತಿಸಿ. ಅಳತೆಗೆಂದು ಮನುಷ್ಯರನ್ನು ಕೂರಿಸಬೇಡಿ. ಎತ್ತುವಾಗ ಮೀಟರ್ ತೋರುವುದೇ ಪ್ಲಸ್ ಕಡೆಯ ಡ್ರಾಪ್. ಮೈನಸ್‌ನಿಂದ ಮೈನಸ್‌ಗೆ ಮತ್ತೊಮ್ಮೆ. ಯಾವ ಕಡೆ ಹೆಚ್ಚೋ ಆ ಕಡೆ ಒಂದೊಂದೇ ತುಂಡು ನೋಡುತ್ತಾ ಹೋಗಿ: ಕಂಬದಿಂದ ಲಗ್, ಲಗ್‌ನಿಂದ ಫ್ಯೂಸ್‌ನ ಆಚೆ ಬದಿ, ಅಲ್ಲಿಂದ ರಿಲೇ. ವೈರಿನ ಪಾಲು ಮೊದಲೇ ಲೆಕ್ಕದಲ್ಲಿ ಗೊತ್ತಿರುತ್ತದೆ. ಒಂದೇ ಜೋಡಣೆಯಲ್ಲಿ 0.05 ವೋಲ್ಟ್ ದಾಟಿದರೆ ಅದನ್ನು ಬಿಚ್ಚಿ, ಉಜ್ಜಿ, ಬೇಕಿದ್ದರೆ ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ (ಲಗ್ಗನ್ನು ವೈರಿನ ಮೇಲೆ ಒತ್ತಿ ಬಿಗಿದು), ಮತ್ತೆ ಅಳೆಯಿರಿ. ಬಂದ ಅಂಕಿಗಳನ್ನು ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೆ ತಾರೀಖು ಹಾಕಿ ಬರೆದಿಡಿ. ಟ್ರೇಲರ್ ರಸ್ತೆಯಲ್ಲಿ ಅದುರುತ್ತಾ ಓಡುವುದರಿಂದ ನಟ್ ಸಡಿಲಾಗುತ್ತದೆ. ಮುಂದಿನ ಸಲ ಅಳೆದಾಗ ಯಾವ ಜಾಗದ ಅಂಕಿ ಏರಿದೆಯೋ ಸ್ಪ್ಯಾನರ್ ಅಲ್ಲಿಗೇ ಹೋಗಬೇಕು.