ಬೇಲಿ ಗಟ್ಟಿಯಿದೆ, ಕಳ್ಳ ಒಳಗಿದ್ದಾನೆ

‘ಗಂಡ ನನ್ನ ಫೋನ್ ಹ್ಯಾಕ್ ಮಾಡಿದ್ದಾನೆ’ ಅನ್ನುವುದನ್ನು ಕೇಳಿದಾಗೆಲ್ಲ ನನಗೆ ಆ ‘ಹ್ಯಾಕ್’ ಪದದ ಮೇಲೇ ಸಿಟ್ಟು ಬರುತ್ತದೆ. ಯಾರೋ ಮಾಟ ಮಾಡಿಸಿದ ಹಾಗೆ ಕೇಳುತ್ತದೆ. ಹೊಡೆಯುವ, ಬೆದರಿಸುವ ಗಂಡನಿಗೆ ಅಷ್ಟೆಲ್ಲ ವಿದ್ಯೆ ಬೇಕಾಗಿಲ್ಲ. ಹೆಂಡತಿ ಸ್ನಾನಕ್ಕೆ ಹೋದ ಐದು ನಿಮಿಷ ಸಾಕು. ಫೋನಿನ ಪಿನ್ ಹೇಗೂ ಗೊತ್ತಿರುತ್ತದೆ, ಅಲ್ವಾ?

ವಾಟ್ಸಾಪನ್ನೇ ನೋಡಿ. 2016ರಿಂದ ಅಲ್ಲಿನ ಮೆಸೇಜುಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೀಗ ಹಾಕಿಕೊಂಡೇ ಹೋಗುತ್ತವೆ. ಕಂಪನಿಗೂ ಓದಲಾಗದು. ನಿಜವೇ. ಆದರೆ ಆ ‘ತುದಿ’ ನೀವಲ್ಲ, ನಿಮ್ಮ ಫೋನು. ಅವನ ಲ್ಯಾಪ್‌ಟಾಪಿನಲ್ಲಿ ಮೂಡುವ ಕ್ಯೂಆರ್ ಚೌಕವನ್ನು ನಿಮ್ಮ ಫೋನಿನಿಂದ ಒಮ್ಮೆ ಸ್ಕ್ಯಾನ್ ಮಾಡಿದರೆ ಅದೂ ಒಂದು ತುದಿಯಾಯಿತು. ಹೀಗೆ ನಾಲ್ಕನ್ನು ಜೋಡಿಸಬಹುದು. ಆಮೇಲೆ ನಿಮ್ಮ ತಂಗಿ ‘ಹೇಗಿದ್ದೀಯಕ್ಕಾ’ ಎಂದು ಬರೆದರೆ ಅವಳ ಫೋನು ಎರಡು ಪ್ರತಿ ತೆಗೆಯುತ್ತದೆ. ಒಂದಕ್ಕೆ ನಿಮ್ಮ ಫೋನಿನ ಬೀಗ, ಇನ್ನೊಂದಕ್ಕೆ ಆ ಲ್ಯಾಪ್‌ಟಾಪಿನ ಬೀಗ. ಮದುವೆ ಕಾಗದಕ್ಕೆ ಮನೆಮನೆಯ ಹೆಸರು ಬೇರೆ ಬೇರೆ ಬರೆದ ಹಾಗೆ. ಹಾಲಿನವನು ನಿಮ್ಮ ಬಾಗಿಲಿಗೊಂದು, ಹಿಂಬಾಗಿಲಿಗೊಂದು ಪ್ಯಾಕೆಟ್ ಇಟ್ಟ ಹಾಗೆ. ದಾರಿಯಲ್ಲಿ ಯಾರೂ ಕದಿಯಲಿಲ್ಲ, ಬೀಗ ಒಡೆಯಲಿಲ್ಲ. ನಿಮ್ಮ ಫೋನು ಸ್ವಿಚ್ ಆಫ್ ಆಗಿದ್ದರೂ ಅವನು ಓದುತ್ತಲೇ ಇರುತ್ತಾನೆ.

 

ಗುಟ್ಟಾಗಿ ನೋಡಲು ಬ್ರೌಸರಿನಲ್ಲಿರುವ ‘ಇನ್‌ಕಾಗ್ನಿಟೊ’ ಬಗ್ಗೆ ಒಂದೇ ಮಾತು: ಅದು ಹಿಸ್ಟರಿ, ಅಂದರೆ ನೋಡಿದ ಪುಟಗಳ ಪಟ್ಟಿ, ಉಳಿಸುವುದಿಲ್ಲ, ಅಷ್ಟೇ. ಫೋನಿನೊಳಗೆ ಕಳ್ಳ ಆ್ಯಪ್ ಕೂತಿದ್ದರೆ ಅದಕ್ಕೆ ಪರದೆಯೇ ಕಾಣುತ್ತದೆ.

‘ಗೊತ್ತಾದ ಕೂಡಲೇ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ’ ಎಂದು ಎಲ್ಲರೂ ಸುಮ್ನೆ ಹೇಳಿಬಿಡುತ್ತಾರೆ. ಬ್ಯಾಂಕಿನ ಕಳ್ಳನಿಗೆ ಅದು ಸರಿ. ಒಂದೇ ಮನೆಯಲ್ಲಿ ಮಲಗುವವನಿಗೆ ಅಲ್ಲ. ನಿಮ್ಮ ಫೋನಿನಲ್ಲಿ ಆ ಲ್ಯಾಪ್‌ಟಾಪಿನ ಜೋಡಣೆ ತೆಗೆದರೆ ಅಲ್ಲಿ ಅವನ ಪರದೆ ಖಾಲಿಯಾಗುತ್ತದೆ, ನಿಮಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಆ ರಾತ್ರಿ ಏನಾಗಬಹುದು ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಹಿಸ್ಟರಿ ಪೂರ್ತಿ ಅಳಿಸಿದರೂ ಅದೇ ಕತೆ. ದಿನವೂ ಅಡುಗೆ ವಿಡಿಯೊ ನೋಡುವವಳ ಫೋನು ಇದ್ದಕ್ಕಿದ್ದಂತೆ ಖಾಲಿ ಇದ್ದರೆ ಯಾರಿಗಾದರೂ ಅನುಮಾನ ಬರುತ್ತದೆ.

ಹಾಗಾಗಿ ಹಳೇ ಫೋನು ಎಂದಿನಂತೆ ನಡೆಯಲಿ. ಗುಟ್ಟಿನ ಮಾತಿಗೆ ಅವನ ಕೈ ಸೋಕದ ಫೋನ್ ಬೇಕು: ಅಕ್ಕನದ್ದೋ, ಜೊತೆ ಕೆಲಸ ಮಾಡುವವರದ್ದೋ. ಹೊಸ ಇಮೇಲ್ ಖಾತೆ ಅಲ್ಲೇ ತೆರೆಯಿರಿ, ನಿಮ್ಮ ಫೋನಿನಲ್ಲಿ ಒಮ್ಮೆಯೂ ಬೇಡ. ಮಹಿಳಾ ಸಹಾಯವಾಣಿ 181ಕ್ಕೂ ಅಲ್ಲಿಂದಲೇ ಮಾಡಿ. ನಿಮ್ಮದರಿಂದ ಮಾಡಿದರೆ ಕಾಲ್ ಲಿಸ್ಟಿನಲ್ಲಿ ಉಳಿಯುತ್ತದೆ. ಜೀವಕ್ಕೇ ಬಂದರೆ ಮಾತ್ರ ಈ ಲೆಕ್ಕವೆಲ್ಲ ಬಿಡಿ, ಕೈಗೆ ಸಿಕ್ಕ ಫೋನಿನಿಂದ 112 ಒತ್ತಿ.

2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಇಂಥ ಹೆಂಗಸರ ನೆರವಿಗೆಂದೇ ಸಂರಕ್ಷಣಾಧಿಕಾರಿ ಎಂಬುವವರಿದ್ದಾರೆ. ಅವರಿಗೆ ತೋರಿಸಲು ವಾಟ್ಸಾಪಿನ ‘ಲಿಂಕ್ಡ್ ಡಿವೈಸಸ್’ ಪಟ್ಟಿ ಕೆಲಸಕ್ಕೆ ಬರುತ್ತದೆ. ಯಾವ ಬಗೆಯ ಕಂಪ್ಯೂಟರು, ಕೊನೆಗೆ ಯಾವಾಗ ತೆರೆದದ್ದು ಎಂಬುದು ಅಲ್ಲಿರುತ್ತದೆ. ಅದರ ಫೋಟೊ ಬೇರೆಯವರ ಫೋನಿನಲ್ಲಿ ಹಿಡಿದಿಡಿ. ಸ್ಕ್ರೀನ್‌ಶಾಟ್ ಬೇಡ, ಅದು ನಿಮ್ಮ ಗ್ಯಾಲರಿಯಲ್ಲೇ ಕೂತಿರುತ್ತದೆ.